ಊಟಕ್ಕೆ ಎಲ್ಲಿ ಹೋಗೋಣ, ಅಕ್ಕಾರೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಬುರಗಿಯಲ್ಲಿ ಹೊರಗೆ ಊಟ ಮಾಡುವ ಬಗ್ಗೆಯೇ ಇವೆ. ಹೋಟೆಲ್ ಹೆಸರು ಹೇಳಿ ಎಂದು ಸುಮಾರು ಜನ ಕೇಳಿದ್ದೀರಿ. ಹೆಸರು ಬರೆಯುವುದಿಲ್ಲ. ಅಡುಗೆಯವರು ಕೆಲಸ ಬಿಟ್ಟರೆ ಬೋರ್ಡು ಅದೇ ಇರುತ್ತದೆ, ರುಚಿ ಇರುವುದಿಲ್ಲ. ಒಳ್ಳೆಯ ಊಟವನ್ನು ನೀವೇ ಗುರುತು ಹಿಡಿಯುವುದು ಹೇಗೆ ಅನ್ನುವುದನ್ನು ಹೇಳುತ್ತೇನೆ.

ಮಗಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದೆ. ಮೊದಲ ಪಗಾರದಲ್ಲಿ ನಮ್ಮೆಲ್ಲರನ್ನೂ ಕಲಬುರಗಿಯ ದೊಡ್ಡ ಎ.ಸಿ. ಹೋಟೆಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ನಮ್ಮ ಅತ್ತೆಯವರು ಮಾಂಸ ಬೇಯಿಸುವ ಕಡೆ ನೀರೂ ಮುಟ್ಟುವುದಿಲ್ಲ. ಮೆನು ಪೂರ್ತಿ ಇಂಗ್ಲಿಷಿನಲ್ಲಿ ಇರುತ್ತದಂತೆ. ನಮಗೆ ಯಾರಿಗೂ ಫೋರ್ಕು, ಚಮಚ ಹಿಡಿದು ರೂಢಿಯಿಲ್ಲ. ಹೋಗುವುದೋ ಬೇಡವೋ, ಅಕ್ಕಾರೆ? — ಒಬ್ಬ ತಾಯಿ, ಜೇವರ್ಗಿ

ಹೋಗಿ, ತಂಗಿ. ಮಗಳು ಆಸೆಯಿಂದ ಕರೆಯುತ್ತಿದ್ದಾಳೆ, ಬೇಡ ಅನ್ನಬೇಡಿ.

ಮೊದಲು ಅತ್ತೆಯವರ ವಿಷಯ. ಹಿಂದಿನ ದಿನವೇ ಹೋಟೆಲ್ಲಿಗೆ ಫೋನ್ ಮಾಡಿ. ‘ವೆಜ್ ಸಿಗುತ್ತದಾ’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಅಡುಗೆಮನೆ ಬೇರೆ ಇದೆಯಾ, ಪಾತ್ರೆ ಬೇರೆ ಇವೆಯಾ’ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಜಾಗ ಬಿಡಿ. ಸ್ಟೇಷನ್ ರೋಡ್, ಸೂಪರ್ ಮಾರ್ಕೆಟ್ ಕಡೆ ಪೂರ್ತಿ ಸಸ್ಯಾಹಾರಿ ಹೋಟೆಲ್‌ಗಳು ಇವೆ, ಎ.ಸಿ. ಹಾಲ್ ಇರುವಂಥದನ್ನೇ ನೋಡಿಕೊಳ್ಳಿ. ವಯಸ್ಸಾದವರು ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡು ಕೂತರೆ ಎಷ್ಟು ಒಳ್ಳೆಯ ಊಟವೂ ಗಂಟಲಲ್ಲಿ ಇಳಿಯುವುದಿಲ್ಲ.

ಮೆನು ಓದಲು ಬರಬೇಕು ಅಂತೇನಿಲ್ಲ. ಅದನ್ನು ಮುಚ್ಚಿಟ್ಟು ಸಪ್ಲೈಯರ್‌ಗೆ ಕನ್ನಡದಲ್ಲೇ ಕೇಳಿ. ಖಾರ ಇರುತ್ತದಾ, ಸಿಹಿ ಇರುತ್ತದಾ, ಒಂದು ಪ್ಲೇಟು ಎಷ್ಟು ಜನಕ್ಕೆ ಆಗುತ್ತದೆ? ಈ ಮೂರು ಪ್ರಶ್ನೆ ಸಾಕು. ಪನೀರ್ ಬಟರ್ ಮಸಾಲಾ, ಮಲಾಯಿ ಕೋಫ್ತಾ ಇವಕ್ಕೆ ಗೋಡಂಬಿ, ಕೆನೆ ಬೀಳುತ್ತವೆ, ಸ್ವಲ್ಪ ಸಿಹಿ ಇರುತ್ತವೆ. ನಮ್ಮ ಕಡೆಯ ಹಿರಿಯರಿಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಕೊಲ್ಹಾಪುರಿ ಅಂದರೆ ಖಾರ. ಅತ್ತೆಯವರಿಗೆ ದಾಲ್ ಫ್ರೈ, ಜೀರಾ ರೈಸ್ ಹೇಳಿ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಎನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಇಲ್ಲಿಯ ಬೇಳೆಯಲ್ಲಿ ಮಾಡಿದ ದಾಲ್ ದೊಡ್ಡ ಹೋಟೆಲ್ಲಿನ ಟೇಬಲ್ಲಿಗೆ ಬಂದಾಗ ನನಗಂತೂ ಹೆಮ್ಮೆ ಆಗುತ್ತದೆ. ಜೋಳದ ರೊಟ್ಟಿ ಇದೆಯಾ ಎಂದೂ ಕೇಳಿ. ಕೇಳುವವರು ಜಾಸ್ತಿ ಆದರೆ ತಾನೇ ಅವರೂ ಮಾಡುವುದು?

ಎಲ್ಲವನ್ನೂ ಒಟ್ಟಿಗೇ ಹೇಳಬೇಡಿ. ತಂದೂರಿ ರೊಟ್ಟಿ ಆರಿದರೆ ಚರ್ಮದ ಹಾಗೆ ಆಗುತ್ತದೆ. ಎರಡೆರಡು ತರಿಸಿ, ಮುಗಿದ ಮೇಲೆ ಮತ್ತೆ ಹೇಳಿ. ಪಲ್ಯದ ಪ್ಲೇಟೂ ಹಾಗೆಯೇ. ಐದು ಜನಕ್ಕೆ ಮೊದಲು ಎರಡು ಬಗೆ ಸಾಕು.

ಫೋರ್ಕಿನ ಚಿಂತೆ ಬಿಡಿ. ಕೈಯಲ್ಲಿ ಉಣ್ಣಿ. ಕೊನೆಗೆ ಬಟ್ಟಲಿನಲ್ಲಿ ಬಿಸಿನೀರು, ಅದರಲ್ಲಿ ನಿಂಬೆ ಹೋಳು ಬರುತ್ತದೆ. ಅದು ಬೆರಳು ತೊಳೆಯಲು. ಅತ್ತೆಯವರಿಗೆ ಮೊದಲೇ ಹೇಳಿಟ್ಟಿರಿ, ಅಲ್ಲಿ ಗಲಿಬಿಲಿ ಬೇಡ.

ಇನ್ನೊಂದು ಮಾತು. ಬಿಲ್ ಬಂದಾಗ ‘ಇಷ್ಟೊಂದಾ’ ಅಂತ ಜೋರಾಗಿ ಅನ್ನಬೇಡಿ, ಅದನ್ನು ಮಗಳ ಕೈಯಿಂದ ಕಸಿದುಕೊಳ್ಳಲೂ ಬೇಡಿ. ಅವಳೇ ಕೊಡಲಿ. ಅದಕ್ಕೇ ಅಲ್ವಾ ಅವಳು ಕರೆದದ್ದು?

ಕಳೆದ ವಾರ ಊಟದ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಆದ ಮೇಲೆ ಸರ್ವಿಸ್ ಚಾರ್ಜ್ ಅಂತಲೂ ಸೇರಿಸಿದ್ದರು. ಕೇಳಿದರೆ ‘ರೂಲ್ಸ್ ಇದೆ ಸರ್’ ಎಂದರು. ನೀರಿನ ಬಾಟಲಿಗೂ ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ದರು. ಇದು ಸರಿಯೇ? — ನಿವೃತ್ತ ಶಿಕ್ಷಕರು, ಶಹಾಬಾದ್

ಗುರುಗಳೇ, ಸರ್ವಿಸ್ ಚಾರ್ಜ್ ಕೊಡಲೇಬೇಕು ಅನ್ನುವ ರೂಲ್ಸ್ ಇಲ್ಲ. ಅದನ್ನು ಬಿಲ್ಲಿನಲ್ಲಿ ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲ್ಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತೆಗೆದು ಬೇರೆ ಬಿಲ್ ಕೊಡಿ ಎಂದು ಸಮಾಧಾನವಾಗಿ ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಖುಷಿಯಾಗಿ ಬಡಿಸಿದ ಹುಡುಗನಿಗೆ ಕೊಡಬೇಕು ಅನಿಸಿದರೆ ಅವನ ಕೈಗೇ ಕೊಡಿ, ಅವನಿಗೇ ಮುಟ್ಟುತ್ತದೆ.

ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 5%. ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಆದರೆ ಚಿಕ್ಕ ಹೋಟೆಲ್‌ಗಳಲ್ಲಿ ಕೆಲವು, ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ ಪದ್ಧತಿಯಾದ ಕಾಂಪೋಸಿಷನ್ ಸ್ಕೀಮಿನಲ್ಲಿ ಇರುತ್ತವೆ. ಅಂಥವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲೆ ಹಾಗೆಂದು ಬರೆದಿರಬೇಕು. ಜಿಎಸ್‌ಟಿ ನಂಬರ್ ಇಲ್ಲದ ಚೀಟಿಯ ಮೇಲೆ ಜಿಎಸ್‌ಟಿ ಹಾಕಿದ್ದರೆ ಅದನ್ನಂತೂ ಕೊಡಬೇಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರೂ ಬಿಲ್ಲಿನಲ್ಲಿ ಇರಬೇಕು, ಒಮ್ಮೆ ಕಣ್ಣು ಹಾಯಿಸಿ.

ನೀರಿನ ಬಾಟಲಿಯ ವಿಷಯದಲ್ಲಿ ಮಾತ್ರ ಅವರ ಕಡೆಗೇ ನ್ಯಾಯ ಇದೆ. ಹೋಟೆಲ್ಲಿನಲ್ಲಿ ಕೂತು ಕುಡಿಯುವ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕೂತ ತಕ್ಷಣ ‘ಸಾದಾ ನೀರು ಕೊಡಪ್ಪಾ’ ಎಂದುಬಿಡಿ.

ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೇನೆ. ರೂಮಿನಲ್ಲಿ ಅಡುಗೆ ಮಾಡಿಕೊಳ್ಳಲು ಆಗುವುದಿಲ್ಲ. ಖಾನಾವಳಿಯಲ್ಲಿ ತಿಂಗಳ ಲೆಕ್ಕ ಹಚ್ಚಬೇಕು. ಎಲ್ಲರೂ ‘ಮನೆ ಊಟ’ ಅಂತಲೇ ಬೋರ್ಡು ಹಾಕಿದ್ದಾರೆ. ಒಳ್ಳೆಯದು ಯಾವುದು ಎಂದು ತಿಳಿಯುವುದು ಹೇಗೆ? — ವಿದ್ಯಾರ್ಥಿ, ಮೂಲ ಶಹಾಪುರ

ತಮ್ಮಾ, ಇದನ್ನು ನನ್ನನ್ನೇ ಕೇಳಬೇಕು. ಜಗತ್ ಸರ್ಕಲ್ ಕಡೆ ಖಾನಾವಳಿ ನಡೆಸಿಯೇ ನಾನು ಮಕ್ಕಳನ್ನು ಓದಿಸಿದ್ದು.

ರೊಟ್ಟಿಯನ್ನು ನೋಡು. ಖಾನಾವಳಿಯ ಪೂರ್ತಿ ಕಥೆ ಅದರಲ್ಲೇ ಇದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಜಿಗಿ ಬರುತ್ತದೆ. ನಾದಿದ ಹಿಟ್ಟನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ, ಎಷ್ಟು ಬೇಕೋ ಅಷ್ಟೇ ನಾದಿ ಆಗಲೇ ತಟ್ಟಬೇಕು. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮುಖಕ್ಕೆ ನೀರು ಸವರಬೇಕು. ಆ ನೀರು ಪೂರ್ತಿ ಆರುವ ಮೊದಲು ತಿರುವಬೇಕು. ಒಂದು ಗಳಿಗೆ ತಡವಾದರೂ ರೊಟ್ಟಿ ಸೀಳುತ್ತದೆ. ಸರಿಯಾಗಿ ತಿರುವಿದರೆ ನಡುವಿನಿಂದ ಉಬ್ಬಿ ಎರಡು ಪದರ ಆಗುತ್ತದೆ. ಆ ಪದರ ಬಿಡಿಸಿದಾಗ ಒಳಗಿಂದ ಹಬೆ ಬರಬೇಕು.

ನಿನ್ನ ತಾಟಿಗೆ ಬಂದ ರೊಟ್ಟಿಯ ಅಂಚು ಸುತ್ತಲೂ ಒಡೆದಿದ್ದರೆ ಹಿಟ್ಟು ಹಳೆಯದು, ಇಲ್ಲವೇ ನೀರು ಕುದಿದಿಲ್ಲ. ಕೊನೆಗೆ ಕಹಿ ಹತ್ತಿದರೆ ಹಿಟ್ಟು ಹಳೆಯದೇ, ಅನುಮಾನ ಬೇಡ. ಜೋಳ ಬೀಸಿದ ಮೇಲೆ ಬಹಳ ದಿನ ನಿಲ್ಲುವುದಿಲ್ಲ. ಎಲ್ಲ ರೊಟ್ಟಿಯೂ ಒಂದೇ ಅಳತೆ, ಒಂದೇ ದಪ್ಪ ಇದ್ದರೆ ಅದು ಮಷಿನ್ ರೊಟ್ಟಿ. ತಿನ್ನಬಾರದು ಅಂತಲ್ಲ, ಬೇಗ ಬಿರುಸಾಗುತ್ತದೆ ಅಷ್ಟೇ. ಖಡಕ್ ರೊಟ್ಟಿ ಬೇರೆ. ಅದನ್ನು ಬೇಕೆಂದೇ ತೆಳ್ಳಗೆ ಬಡಿದು ಒಣಗಿಸಿರುತ್ತಾರೆ. ‘ಖಡಕ್’ ಎಂದು ಹೇಳಿ ಬೆಳಗಿನ ಮೆತ್ತನೆ ರೊಟ್ಟಿ ಬಿರುಸಾದದ್ದನ್ನು ಬಡಿಸುವವರೂ ಇದ್ದಾರೆ. ಮುರಿದು ನೋಡು. ಖಡಕ್ ಆದರೆ ಪಟಕ್ಕನೆ ಮುರಿಯುತ್ತದೆ. ಹಳೆಯದಾದರೆ ಬಾಗುತ್ತದೆ, ಎಳೆಯುತ್ತದೆ.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಖಾನಾವಳಿಯೂ ಚಂದ. ಮೂರು ಗಂಟೆಗೆ ಹೋಗು. ಆಗಲೂ ಒಳಗೆ ರೊಟ್ಟಿ ತಟ್ಟುವ ಸದ್ದು ಕೇಳುತ್ತಿದ್ದರೆ ಅಲ್ಲಿ ಲೆಕ್ಕ ಹಚ್ಚು.

ಉಳಿದದ್ದು ಸಣ್ಣದು. ಕಾಳಿನ ಪಲ್ಯ ಒಂದು, ಸೊಪ್ಪು ಇಲ್ಲವೇ ಕಾಯಿಪಲ್ಯ ಒಂದು ದಿನಾ ಬದಲಾಗಬೇಕು. ಪುಂಡಿಪಲ್ಯ ವಾರಕ್ಕೆ ಒಮ್ಮೆಯಾದರೂ ಕಾಣಬೇಕು. ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ ನೀನು ಕೇಳದೆಯೇ ಬರಬೇಕು. ಮೊದಲ ದಿನವೇ ತಿಂಗಳ ದುಡ್ಡು ಕೊಡಬೇಡ, ಒಂದು ವಾರದ್ದು ಕೊಟ್ಟು ಉಣ್ಣು. ಊರಿಗೆ ಹೋದ ದಿನದ ಊಟ ಕಡಿತ ಆಗುತ್ತದಾ ಅನ್ನುವುದನ್ನೂ ಮೊದಲೇ ಮಾತಾಡಿಕೊ.

ಯಾದಗಿರಿಯಿಂದ ದಿನಾ ರೈಲಿನಲ್ಲಿ ಕಲಬುರಗಿಗೆ ಕೆಲಸಕ್ಕೆ ಬರುತ್ತೇನೆ. ಡಬ್ಬಿ ತರದ ದಿನ ಒಬ್ಬಳೇ ಹೋಟೆಲ್ಲಿಗೆ ಹೋದರೆ ‘ಫ್ಯಾಮಿಲಿ ರೂಮಿಗೆ ಹೋಗ್ರಿ ಮೇಡಂ’ ಅನ್ನುತ್ತಾರೆ. ಅಲ್ಲಿ ಸೆಕೆ, ಕತ್ತಲೆ. ಹಾಲ್‌ನಲ್ಲಿ ಕೂತರೆ ಎಲ್ಲರೂ ನೋಡುತ್ತಾರೆ. ಎಷ್ಟೋ ದಿನ ಬಿಸ್ಕೆಟ್ ತಿಂದು ಸುಮ್ನೆ ಇರುತ್ತೇನೆ. — ಓದುಗರು, ಯಾದಗಿರಿ

ಬಿಸ್ಕೆಟ್ ತಿಂದು ಇರಬೇಡ ತಂಗಿ. ದುಡಿಯುವ ಹೆಣ್ಣುಮಗಳು ಹೊಟ್ಟೆ ತುಂಬ ಉಣ್ಣಬೇಕು.

ಹಾಲ್‌ನಲ್ಲೇ ಕೂರು. ‘ಇಲ್ಲೇ ಕೂರುತ್ತೇನೆ ಅಣ್ಣಾ, ಊಟ ಹೇಳು’ ಎಂದರೆ ಮುಗಿಯಿತು. ಗಲ್ಲಾ ಹತ್ತಿರದ ಟೇಬಲ್ ಹಿಡಿ, ಗೋಡೆಗೆ ಬೆನ್ನು ಕೊಟ್ಟು ಕೂರು. ಮಾಲೀಕರ ಕಣ್ಣ ಮುಂದೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಒಂದೇ ಹೋಟೆಲ್ಲಿಗೆ ನಾಲ್ಕೈದು ಸಲ ಹೋದರೆ ಅವರಿಗೂ ನಿನ್ನ ಪರಿಚಯ ಆಗುತ್ತದೆ. ಆಮೇಲೆ ಜಾಗ ಅವರೇ ತೋರಿಸುತ್ತಾರೆ. ಹೆಂಗಸರು ರೊಟ್ಟಿ ತಟ್ಟುವ, ಹೆಂಗಸರೇ ಬಡಿಸುವ ಖಾನಾವಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಹೋಟೆಲ್ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನಿನ ಗಾಳಿ ಬರದ, ಪರದೆ ಕಟ್ಟಿದ ಗೂಡಿನಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ ಅದನ್ನು ಮರ್ಯಾದೆ ಅನ್ನಬೇಡಿ. ಅವರಿಗೂ ಗಾಳಿ ಬೆಳಕು ಇರುವ ಕಡೆ ಟೇಬಲ್ ಕೊಡಿ. ಕೈ ತೊಳೆಯುವ ಜಾಗ, ಹೆಂಗಸರ ಶೌಚಾಲಯ ಚೊಕ್ಕ ಇಡಿ. ನಾನು ಖಾನಾವಳಿ ನಡೆಸುವಾಗ ಬಾಗಿಲ ಪಕ್ಕದ ಗಾಳಿ ಬರುವ ಎರಡು ಟೇಬಲ್ ಹೆಣ್ಣುಮಕ್ಕಳಿಗೇ ಇಟ್ಟಿದ್ದೆ. ನರ್ಸ್‌ಗಳು, ಟೀಚರ್‌ಗಳು, ಕಾಲೇಜಿನ ಹುಡುಗಿಯರು ಒಬ್ಬೊಬ್ಬರೇ ಬಂದು ನೆಮ್ಮದಿಯಾಗಿ ಉಂಡು ಹೋಗುತ್ತಿದ್ದರು. ವ್ಯಾಪಾರವೂ ಕಮ್ಮಿ ಆಗಲಿಲ್ಲ.

ಮೈಸೂರಿನಿಂದ ಗೆಳೆಯರು ಬರುತ್ತಿದ್ದಾರೆ. ಒಂದೇ ದಿನ ಇರುತ್ತಾರೆ. ಎಲ್ಲವನ್ನೂ ತಿನ್ನುವವರು. ಏನೇನು ತಿನ್ನಿಸಲಿ? — ಓದುಗರು, ಕಲಬುರಗಿ

ಬೆಳಿಗ್ಗೆ ತಹಾರಿ. ತಡ ಮಾಡಿದರೆ ಖಾಲಿಯಾಗುತ್ತದೆ, ಅದಕ್ಕೇ ಬೇಗ ಎಬ್ಬಿಸಿ. ಅಕ್ಕಿ, ಮಟನ್ ಒಂದೇ ಪಾತ್ರೆಯಲ್ಲಿ ಕೂಡಿ ಬೇಯುತ್ತದೆ, ಬಿರಿಯಾನಿಯಂತೆ ಪದರು ಹಾಕುವುದಿಲ್ಲ. ಮೈಸೂರಿನವರಿಗೆ ಬೆಳಗಿನ ಹೊತ್ತು ಮಾಂಸದ ಅನ್ನ ಹೊಸದು ಅನಿಸಬಹುದು, ಒಂದು ತುತ್ತು ತಿಂದ ಮೇಲೆ ಸುಮ್ಮನಾಗುತ್ತಾರೆ. ಆಮೇಲೆ ಕೋಟೆ ತೋರಿಸಿ. ಒಳಗೆ 1367ರ ಜಾಮಿ ಮಸೀದಿ ಇದೆ. ಅಲ್ಲಿ ಓಡಾಡಿದರೆ ಮಧ್ಯಾಹ್ನಕ್ಕೆ ಹಸಿವು ತಾನಾಗಿ ಬರುತ್ತದೆ.

ಮಧ್ಯಾಹ್ನ ಖಾನಾವಳಿ. ಬಿಸಿ ರೊಟ್ಟಿ, ಎಣಗಾಯಿ, ಹಿಂಡಿ. ಇದನ್ನು ಮಾತ್ರ ತಪ್ಪಿಸಬೇಡಿ. ರಾತ್ರಿ ಅವರಿಗೆ ಬೇಕಾದರೆ ಎ.ಸಿ. ಹೋಟೆಲ್ಲಿಗೆ ಹೋಗಿ, ಅಂಥ ಊಟ ಅವರಿಗೆ ಮೈಸೂರಿನಲ್ಲೂ ಸಿಗುತ್ತದೆ. ಅದರ ಬದಲು ನಾನಾದರೆ ಖಾಜಾ ಬಂದೇನವಾಜ್ ದರ್ಗಾ ಕಡೆ ಕರೆದುಕೊಂಡು ಹೋಗಿ, ಕೊನೆಗೆ ಮಾಲ್ಪುರಿ ತಿನ್ನಿಸುತ್ತಿದ್ದೆ. ಸಿಹಿ ಜಾಸ್ತಿ ಇರುತ್ತದೆ, ಇಬ್ಬರಿಗೆ ಒಂದು ಸಾಕು.

ಚಳಿಗಾಲದಲ್ಲಿ ಬಂದರೆ ಎಳ್ಳ ಅಮಾವಾಸ್ಯೆಗೆ ಬರಲು ಹೇಳಿ. ಕಾಳು, ಸೊಪ್ಪು, ತರಕಾರಿ ಕೂಡಿಸಿ ಮಾಡುವ ಭಜ್ಜಿ, ಸಜ್ಜೆ ರೊಟ್ಟಿ ಹೋಟೆಲ್ಲಿನಲ್ಲಿ ಹುಡುಕುವಂಥದಲ್ಲ. ಯಾರದಾದರೂ ಹೊಲಕ್ಕೇ ಕರೆದುಕೊಂಡು ಹೋಗಿ.

ಏಳು ವರ್ಷದ ಮಗ ಸಂಜೆಯಾದರೆ ಗೋಬಿ ಮಂಚೂರಿ ಅನ್ನುತ್ತಾನೆ. ಬಣ್ಣ ನಿಷೇಧ ಆಗಿದೆಯಲ್ವಾ? — ಓದುಗರು, ಹುಮನಾಬಾದ್

ಆಗಿದೆ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಅದೇ ಆಯಿತು. ಬಣ್ಣ ಹಾಕದ ಗೋಬಿ ಕಂದು ಕಾಣುತ್ತದೆ. ಕೆಂಪಗೆ ಹೊಳೆಯುತ್ತಿದ್ದರೆ, ತಿಂದ ಮೇಲೆ ಬೆರಳಿಗೆ ಬಣ್ಣ ಹತ್ತಿದರೆ ಆ ಗಾಡಿಗೆ ಹೋಗಬೇಡಿ. ಕರಿಯುವ ಎಣ್ಣೆ ಕಪ್ಪಾಗಿದ್ದರೂ ಅಷ್ಟೇ. ವಾರಕ್ಕೆ ಒಮ್ಮೆ ಗೋಬಿ ಕೊಡಿಸಿ, ಉಳಿದ ಸಂಜೆ ಚುರಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ ಮಾಡಿಸಿ ಕೊಡಿ. ಖಾರ ಕಮ್ಮಿ ಹಾಕು ಎಂದರೆ ಹಾಕುತ್ತಾರೆ. ಮಿರ್ಚಿ ಭಜಿ ನಿಮಗಿರಲಿ.