ಹೆಸರಿಗೆ ಹೆಸರು ಕೊಟ್ಟರೆ ಅದು ನೆಟ್‌ವರ್ಕಿಂಗಾ?

ಪ್ರಶ್ನೆ: ನಾನು ಸಾಗರದ ಕಡೆಯವಳು. ಅಡಿಕೆ ಕೊಳೆ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಈಗ ಮೂರನೇ ವರ್ಷ. ಒಂದೂ ಪೇಪರ್ ಆಗಿಲ್ಲ. ಬರೆದ ಒಂದು ಡ್ರಾಫ್ಟ್ ಎಂಟು ತಿಂಗಳಿಂದ ಲ್ಯಾಪ್‌ಟಾಪ್‌ನಲ್ಲೇ ಇದೆ. ನನ್ನ ಇಂಗ್ಲಿಷ್ ನೋಡಿ ಗೈಡ್ ಏನಂದುಕೊಳ್ಳುತ್ತಾರೋ ಎಂದು ಕೊಟ್ಟಿಲ್ಲ. ಸೆಮಿನಾರುಗಳಲ್ಲಿ ಯಾರನ್ನಾದರೂ ಮಾತಾಡಿಸೋಣ ಎಂದರೆ ಬಾಯಿಯೇ ಬರುವುದಿಲ್ಲ. ಕಳೆದ ತಿಂಗಳು ಬೇರೆ ಯೂನಿವರ್ಸಿಟಿಯ ಸೀನಿಯರ್ ಒಬ್ಬರು, ‘ನಿನ್ನ ಪೇಪರಿಗೆ ನನ್ನ ಹೆಸರು ಹಾಕು, ನನ್ನ ಎರಡಕ್ಕೆ ನಿನ್ನ ಹೆಸರು ಹಾಕ್ತೀನಿ, ದುಡ್ಡು ಕಟ್ಟಿದರೆ ಹದಿನೈದು ದಿನಕ್ಕೆ ಬರುತ್ತೆ, ನೆಟ್‌ವರ್ಕಿಂಗ್ ಅಂದ್ರೆ ಇದೇ’ ಎಂದರು. ಬೇಡ ಎಂದರೆ, ಮುಂದೆ ಇಂಟರ್‌ವ್ಯೂ ಬೋರ್ಡಿನಲ್ಲಿ ಅವರೇ ಕೂತಿದ್ದರೆ? ಒಪ್ಪಿಕೊಳ್ಳಲಾ?

ಉತ್ತರ: ಒಪ್ಪಿಕೊಳ್ಳಬೇಡಿ.

ಇದನ್ನು ಉಪದೇಶಕ್ಕೆ ಹೇಳುತ್ತಿಲ್ಲ, ನಾನೇ ಒಮ್ಮೆ ಒಪ್ಪಿಕೊಂಡಿದ್ದೆ. ಗೆಳೆಯನೊಬ್ಬನ ಪೇಪರಿನಲ್ಲಿ ಮೂರನೇ ಹೆಸರು ನನ್ನದು, ಅದನ್ನು ನಾನು ಪೂರ್ತಿ ಓದಿಯೂ ಇರಲಿಲ್ಲ. ಎರಡು ವರ್ಷದ ನಂತರ ಒಂದು ಇಂಟರ್‌ವ್ಯೂನಲ್ಲಿ ಬೋರ್ಡಿನವರೊಬ್ಬರು ಬೇರೆಲ್ಲ ಬಿಟ್ಟು ಅದೇ ಪೇಪರಿನ ಎರಡನೇ ಗ್ರಾಫ್ ತೋರಿಸಿ, ‘ಇಲ್ಲಿ ಗೆರೆ ಯಾಕೆ ಕೆಳಗಿಳಿದಿದೆ?’ ಎಂದು ಕೇಳಿದರು. ನಾನು ನೀರು ಕುಡಿದೆ. ಇನ್ನೊಮ್ಮೆ ಕುಡಿದೆ. ಅವರು ಲೋಟ ಖಾಲಿಯಾಗುವವರೆಗೂ ಕಾದರು, ಪುಣ್ಯಾತ್ಮರು.

ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮ ಒಂದಿದೆ, ಬೇರೆ ವಿಷಯದವರೂ ಅದನ್ನು ನೋಡುತ್ತಾರೆ. ಲೇಖಕ ಎನಿಸಿಕೊಳ್ಳಲು ಕೆಲಸದಲ್ಲಿ ಪಾಲಿರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಹೊಣೆಯನ್ನೂ ಹೊರಬೇಕು. ನಾಲ್ಕೂ ಬೇಕು. ಅಂದರೆ ಆ ಸೀನಿಯರ್ ನಿಮಗೆ ಕೊಡುತ್ತಿರುವುದು ಎರಡು ಪೇಪರ್ ಅಲ್ಲ, ನೀವು ನೋಡಿಯೂ ಇರದ ಎರಡು ಡೇಟಾದ ಜವಾಬ್ದಾರಿ.

ಇನ್ನು ಹದಿನೈದು ದಿನದ ಮಾತು. ನಿಜವಾಗಿ ಓದಿ ನೋಡುವ ಜರ್ನಲ್‌ನಲ್ಲಿ ಹದಿನೈದು ದಿನಕ್ಕೆ ರಿವ್ಯೂ ಮಾಡುವವರು ಸಿಕ್ಕರೇ ಹೆಚ್ಚು. ‘ಯುಜಿಸಿ ಕೇರ್ ಲಿಸ್ಟ್‌ನಲ್ಲಿದೆ’ ಎಂದೇನಾದರೂ ಹೇಳಿದರೆ, ಮಾನ್ಯ ಜರ್ನಲ್‌ಗಳ ಆ ಪಟ್ಟಿಯನ್ನೇ ನಿಲ್ಲಿಸಿದ್ದೇವೆ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಫೆಬ್ರವರಿಯಲ್ಲಿ ಪ್ರಕಟಿಸಿದೆ ಎಂದು ತಿಳಿಸಿ. ಥೀಸಿಸ್ ಕೊಡುವ ಮೊದಲು ಪೇಪರ್ ಬಂದಿರಲೇಬೇಕು ಎಂಬ ಕಡ್ಡಾಯವನ್ನೂ ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ನಿಮ್ಮ ಯೂನಿವರ್ಸಿಟಿ ಏನು ಕೇಳುತ್ತದೆ ಎಂದು ಆಫೀಸಿನಲ್ಲಿ ಒಮ್ಮೆ ವಿಚಾರಿಸಿ, ಕಾರಿಡಾರಿನಲ್ಲಿ ಅಲ್ಲ.

ಅವರಿಗೆ ಹೇಗೆ ಹೇಳುವುದು? ಜಗಳ ಬೇಡ. ‘ಸರ್, ಕೆಲಸ ಮಾಡಿದವರ ಹೆಸರಷ್ಟೇ ಹಾಕೋಣ ಅಂತಿದ್ದೀನಿ. ನಿಮ್ಮ ಡೇಟಾ, ನನ್ನ ಡೇಟಾ ಸೇರಿಸಿ ಏನಾದರೂ ಮಾಡೋದಾದ್ರೆ ಖಂಡಿತ ಬರ್ತೀನಿ.’ ಇಷ್ಟು ಸಾಕು. ಕೆಲಸ ಮಾಡುವ ಮನಸ್ಸಿದ್ದರೆ ಫೋನ್ ಮಾಡುತ್ತಾರೆ. ಬೋರ್ಡಿನ ಭಯ ಬಿಡಿ, ಅಲ್ಲಿ ಒಬ್ಬರೇ ಕೂತಿರುವುದಿಲ್ಲ.

ನನಗೆ ಜಾಸ್ತಿ ಚಿಂತೆ ನಿಮ್ಮ ಡ್ರಾಫ್ಟಿನದು. ನೀವು ಕಳಿಸಿದ ಮೊದಲ ಪುಟ ಓದಿದೆ. ಇಂಗ್ಲಿಷ್ ಚೆನ್ನಾಗಿಯೇ ಇದೆ. ಆದರೆ ಪುಟವೆಲ್ಲ ‘ಭಾರತದಲ್ಲಿ ಅಡಿಕೆಯ ಮಹತ್ವ’! ಅದು ಸಂಪಾದಕರಿಗೆ ಗೊತ್ತು. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ಕೊಳೆ ರೋಗದ ಮೇಲೆ ಬುಲೆಟಿನ್ ಬರೆದಾಗಿದೆ, ನೀವು ಮತ್ತೆ ಅಲ್ಲಿಂದ ಶುರು ಮಾಡಬೇಕಿಲ್ಲ. ನಿಮ್ಮ ಅಪ್ಪ ಜುಲೈ ಮಳೆಯಲ್ಲಿ ತೋಟದ ಕಡೆ ನೋಡುತ್ತಾ ಏನು ಕೇಳುತ್ತಾರೆ? ‘ಕೊಳೆಗೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ನಡುವೆ ಹೊಳವು ಸಿಗುತ್ತಾ?’ ನಿಮ್ಮ ಫಲಿತಾಂಶ ಆ ಪ್ರಶ್ನೆಗೆ ಏನು ಹೇಳುತ್ತದೋ ಅದನ್ನು ಮೊದಲು ಕನ್ನಡದಲ್ಲೇ ಐದು ಸಾಲು ಬರೆಯಿರಿ. ಆಮೇಲೆ ಅದೇ ಐದು ಸಾಲು ಇಂಗ್ಲಿಷಿನಲ್ಲಿ. ಪೇಪರ್ ಅಲ್ಲಿಂದ ಬೆಳೆಯುತ್ತದೆ.

ಸೋಮವಾರ ಗೈಡ್‌ಗೆ ಕೊಟ್ಟುಬಿಡಿ. ಕೆಂಪು ಗೆರೆ ಎಳೆಯುತ್ತಾರೆ, ಎಳೆಯಲಿ. ಗೆರೆ ಎಳೆಯದೆ ‘ಗುಡ್’ ಎಂದು ವಾಪಸ್ ಕೊಡುವ ಗೈಡ್‌ಗಳಿಗೆ ನಾನು ಹೆದರುತ್ತೇನೆ.

ಮಾತಾಡಲು ಬಾಯಿ ಬರದಿರುವುದು ದೊಡ್ಡ ಕಾಯಿಲೆ ಏನಲ್ಲ. ಸೆಮಿನಾರಿನ ಟೀ ಬಿಡುವಿನಲ್ಲಿ ಕೈಯಲ್ಲಿ ಪೇಪರ್ ಕಪ್ ಹಿಡಿದು, ಆಗಲೇ ಮೂರು ಸಲ ಓದಿದ ಪೋಸ್ಟರನ್ನು ನಾಲ್ಕನೇ ಸಲ ಓದಿದವನು ನಾನು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ವಿಚಾರಿಸಿ ನೋಡಿದರು. ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ದಿನಾ ಸಿಗುವ ಆಪ್ತರಲ್ಲ, ಆಗೀಗ ಇಲ್ಲವೇ ಅಪರೂಪಕ್ಕೆ ಸಿಗುವವರು. ಮಜಾ ಏನೆಂದರೆ, ಇಂಥ ಅರೆಬರೆ ಪರಿಚಯಗಳ ಬಲದ ಬಗ್ಗೆ ಅವರು ಬರೆದ ಪೇಪರ್ 1969ರಲ್ಲಿ ಒಂದು ದೊಡ್ಡ ಜರ್ನಲ್‌ನಿಂದ ತಿರಸ್ಕೃತವಾಗಿತ್ತು, ಅಚ್ಚಾಗಿದ್ದು ಇನ್ನೊಂದರಲ್ಲಿ, 1973ಕ್ಕೆ. ಅಂದರೆ ನಿಮಗೆ ಬೇಕಾದ್ದು ಪಕ್ಕಾ ದೋಸ್ತಿ ಅಲ್ಲ, ಒಂದೆರಡು ಸಲದ ಮಾತು ಸಾಕು.

ಆ ಮಾತು ಬರೆದೂ ಆಡಬಹುದು ಅಲ್ವಾ? ನೀವು ಡ್ರಾಫ್ಟಿನಲ್ಲಿ ಯಾರ ಪೇಪರ್ ಉದ್ಧರಿಸಿದ್ದೀರೋ ಅವರಲ್ಲಿ ಒಬ್ಬರಿಗೆ ನಾಲ್ಕು ಸಾಲಿನ ಮೇಲ್ ಹಾಕಿ. ಹೊಗಳಿಕೆ ಬೇಡ, ಬಯೋಡೇಟಾ ಬೇಡ. ‘ನಿಮ್ಮ ಪೇಪರಿನಲ್ಲಿ ಮಾದರಿ ತೆಗೆದದ್ದು ಮಳೆಗೆ ಮೊದಲೋ ನಂತರವೋ?’ ಎಂಬಂಥ ಒಂದೇ ಪ್ರಶ್ನೆ. ಕೆಲವರು ಉತ್ತರಿಸುವುದಿಲ್ಲ. ಎರಡು ವಾರ ಬಿಟ್ಟು ಇನ್ನೊಂದೇ ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಉತ್ತರ ಕೊಟ್ಟವರು ಮುಂದಿನ ಸೆಮಿನಾರಿಗೆ ಬಂದಿದ್ದರೆ, ಕಪ್ ಹಿಡಿದು ಅವರ ಹತ್ತಿರ ಹೋಗಿ, ‘ಮಳೆ ಬಗ್ಗೆ ಮೇಲ್ ಹಾಕಿದ್ದವಳು ನಾನೇ’ ಎನ್ನಿ.