ಸೂಟು ಧರಿಸಿ ಪೀಲರ್ ಮಾರುತ್ತಿದ್ದ ನ್ಯೂಯಾರ್ಕಿನ ಬೀದಿ ವ್ಯಾಪಾರಿ ಯಾರು?

ಅವರು ಜೋ ಆಡೆಸ್. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಅವರು, ಅಲ್ಲಿನ ಬೀದಿ ವ್ಯಾಪಾರಿಗಳ ಮಾತಿನ ವರಸೆಯನ್ನು ಹುಡುಗನಾಗಿದ್ದಾಗಲೇ ಗಮನಿಸಿ ಕಸುಬು ಕಲಿತರು. ನಮ್ಮ ಗಾಂಧಿ ಬಜಾರಿನಲ್ಲಿ ತುರಿಮಣೆ ಮಾರುವವರು ಸೌತೆಕಾಯಿ ತುರಿದು ತೋರಿಸುವಂತೆ, ಅವರೂ ಯೂನಿಯನ್ ಸ್ಕ್ವೇರ್ ಬಳಿ ಪುಟ್ಟ ಸ್ಟೂಲಿನ ಮೇಲೆ ಕುಳಿತು, ಕ್ಯಾರೆಟ್, ಆಲೂಗಡ್ಡೆಗಳ ಸಿಪ್ಪೆಯನ್ನು ತೆಳ್ಳಗೆ ಸುಲಿಯುತ್ತ, ಮಾತು ನಿಲ್ಲಿಸದೆ, ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಪೀಲರುಗಳನ್ನು ತಲಾ 5 ಡಾಲರಿಗೆ ಮಾರುತ್ತಿದ್ದರು. ದುಬಾರಿ ಸೂಟು, ಸಿರಿವಂತರ ಪಾರ್ಕ್ ಅವೆನ್ಯೂದಲ್ಲಿ ವಾಸ, ಇವುಗಳಿಂದಾಗಿ ವಿಚಿತ್ರ ವ್ಯಕ್ತಿಯೆಂದು ಹೆಸರಾದರೂ, ಜನರನ್ನು ಹಿಡಿದು ನಿಲ್ಲಿಸಿದ್ದು ಅವರ ಕೈಚಳಕವೆಂದೇ ನನ್ನ ದೃಢವಾದ ಅಭಿಪ್ರಾಯ. 2009ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಅಲ್ಲಿನ ಪ್ರಮುಖ ಪತ್ರಿಕೆಗಳು ಅವರ ಬದುಕಿನ ಬಗ್ಗೆ ವಿವರವಾಗಿ ಬರೆದವು.