ಹೊಟ್ಟೆನೋವು ತರಿಸಿಕೋ ಎನ್ನುವ ಚಿಕಿತ್ಸೆ

ಹಾಸನದ ಕಡೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು. ಎಂಟನೇ ಕ್ಲಾಸಿನ ಮೊಮ್ಮಗನಿಗೆ ಮೂರು ತಿಂಗಳಿಂದ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಡಾಕ್ಟರು ಸ್ಕ್ಯಾನಿಂಗು, ರಕ್ತಪರೀಕ್ಷೆ ಎಲ್ಲ ಮಾಡಿಸಿ, ಏನೂ ತೊಂದರೆ ಇಲ್ಲ ಎಂದು ಕೌನ್ಸೆಲರ್ ಹತ್ತಿರ ಕಳಿಸಿದರು. ಆಕೆ ಹುಡುಗನ ಜೊತೆಗೆ ಮಗ, ಸೊಸೆ, ಅಜ್ಜ, ಅಜ್ಜಿ ಎಲ್ಲರನ್ನೂ ಕರೆಸಿ ಕೂರಿಸಿದರು. ಹಳೇ ಕಥೆ ಜಾಸ್ತಿ ಕೇಳಲಿಲ್ಲ. ಬೆಳಗ್ಗೆ ಆರರಿಂದ ಎಂಟರವರೆಗೆ ಮನೆಯಲ್ಲಿ ಯಾರು ಏನು ಮಾಡುತ್ತೀರಿ ಎಂದು ನಿಮಿಷ ನಿಮಿಷದ ಲೆಕ್ಕ ಕೇಳಿದರು. ಹತ್ತು ಸಲ ಬಂದರೆ ಸಾಕು ಎಂದರು. ಕೊನೆಗೆ ಹುಡುಗನಿಗೆ ಹೇಳಿದ್ದು: "ದಿನಾ ಸಂಜೆ ಆರಕ್ಕೆ ಕಾಲು ಗಂಟೆ ಕೂತು ಹೊಟ್ಟೆನೋವು ತರಿಸಿಕೋ. ಎಷ್ಟು ಬಂತು ಅಂತ ನೋಟ್‌ಬುಕ್ಕಲ್ಲಿ ಬರಿ." ಮನೆಯವರಿಗೆ ಹೇಳಿದ್ದು: "ಬೆಳಗ್ಗೆ ಯಾರೂ ಹೊಟ್ಟೆ ವಿಚಾರ ಎತ್ತಬೇಡಿ."

ಮೇಷ್ಟ್ರ ಪ್ರಶ್ನೆ: "ಇದು ಚಿಕಿತ್ಸೆಯೋ ಹುಡುಗಾಟವೋ? ದುಡ್ಡು ಕೊಟ್ಟು ನೋವು ತರಿಸಿಕೊಳ್ಳೋದು ಎಲ್ಲಾದರೂ ಉಂಟಾ?"

ಮೇಷ್ಟ್ರೇ, ಸಿಟ್ಟಿನಲ್ಲಿ ಬರೆದಿದ್ದರೂ ನೀವು ಸರಿಯಾದ ಪದವನ್ನೇ ಹಿಡಿದಿದ್ದೀರಿ. ಮನೆಮಂದಿಯನ್ನೆಲ್ಲ ಕೂರಿಸಿ ಮಾಡುವ ಈ ಫ್ಯಾಮಿಲಿ ಥೆರಪಿ ಪದ್ಧತಿಯ ಬೇರು ಹುಡುಗಾಟದಲ್ಲೇ ಇದೆ. 1952ರಲ್ಲಿ ಗ್ರೆಗರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಎರಡು ಕೋತಿಮರಿಗಳು ಆಡುವುದನ್ನು ನೋಡುತ್ತಾ ನಿಂತಿದ್ದ. ಒಂದನ್ನೊಂದು ಕಚ್ಚುತ್ತಿವೆ, ಆದರೆ ಜಗಳವಲ್ಲ. "ಇದು ಸುಮ್ನೆ ಆಟ" ಅನ್ನೋದನ್ನು ಮಾತೇ ಇಲ್ಲದೆ ಒಂದಕ್ಕೊಂದು ಹೇಗೆ ತಿಳಿಸುತ್ತವೆ? ಬೇಟ್ಸನ್ ತಲೆಗೆ ಈ ಹುಳ ಹೊಕ್ಕಿತು. ಬಾಯಲ್ಲಿ ಒಂದು, ಮೈಯಲ್ಲಿ ಇನ್ನೊಂದು ಹೇಳಿದರೆ ಎದುರಿಗಿರುವವರು ಯಾವುದನ್ನು ನಂಬಬೇಕು?

ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಅವನು ಒಂದು ಸಣ್ಣ ತಂಡ ಕಟ್ಟಿದ. ಜಾನ್ ವೀಕ್‌ಲ್ಯಾಂಡ್ ಮೊದಲು ಕೆಮಿಕಲ್ ಎಂಜಿನಿಯರ್. ಜೇ ಹೇಲಿ ನಾಟಕ, ಗ್ರಂಥಾಲಯ ವಿಜ್ಞಾನ, ಸಂವಹನ ಓದಿದವನು. ಮನೋವೈದ್ಯ ಡಾನ್ ಜಾಕ್ಸನ್ ಸೇರಿದ್ದು ಎರಡು ವರ್ಷ ಕಳೆದ ಮೇಲೆ. ಅಂದರೆ ಈ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಡಾಕ್ಟರುಗಳೇ ಕಡಿಮೆ. ಅದಕ್ಕೇ ಇರಬೇಕು, "ರೋಗಿಯ ಒಳಗೆ ಏನಿದೆ" ಎಂದು ಕೇಳುವ ಬದಲು "ಇವರಿವರ ನಡುವೆ ಏನು ನಡೀತಿದೆ" ಎಂದು ನೋಡುವುದು ಅವರಿಗೆ ಸುಲಭವಾಯಿತು.

1956ರಲ್ಲಿ ಈ ನಾಲ್ವರು ಬರೆದ ಲೇಖನದಲ್ಲಿ ಒಂದು ಘಟನೆ ಬರುತ್ತದೆ. ಆಸ್ಪತ್ರೆಯಲ್ಲಿರುವ ಮಗನನ್ನು ನೋಡಲು ತಾಯಿ ಬರುತ್ತಾಳೆ. ಅವನು ಖುಷಿಯಿಂದ ಅವಳ ಭುಜ ಬಳಸುತ್ತಾನೆ. ಅವಳ ಮೈ ಬಿಗಿಯಾಗುತ್ತದೆ. ಅವನು ಕೈ ತೆಗೆಯುತ್ತಾನೆ. ಅವಳು ಕೇಳುತ್ತಾಳೆ, "ಯಾಕೆ, ಈಗ ನನ್ನ ಮೇಲೆ ಪ್ರೀತಿ ಇಲ್ವಾ?" ಇದಕ್ಕೆ ಅವರು ಇಟ್ಟ ಹೆಸರು ಡಬಲ್ ಬೈಂಡ್. ನಮ್ಮಲ್ಲಿ ಅತ್ತ ದರಿ ಇತ್ತ ಪುಲಿ ಅನ್ನುತ್ತೇವಲ್ಲ, ಹಾಗೆ. ಆದರೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಹುಟ್ಟುವುದೇ ಇದರಿಂದ ಎಂಬ ಅವರ ಊಹೆ ಮುಂದೆ ನಿಲ್ಲಲಿಲ್ಲ. ಅಂಥ ಮಾತುಗಳಿಂದ ಎಷ್ಟೋ ತಾಯಂದಿರು ಸುಮ್ಮಸುಮ್ಮನೆ ಅಪರಾಧಿಗಳಾದರು. ಇದು ಈ ಪದ್ಧತಿಯ ಲೆಕ್ಕದಲ್ಲಿ ಉಳಿದ ಸಾಲ ಎಂದೇ ನಾನು ಹೇಳುತ್ತೇನೆ.

ಇನ್ನು "ಹೊಟ್ಟೆನೋವು ತರಿಸಿಕೋ" ಅನ್ನುವ ಐಡಿಯಾ. ಈ ತಂಡಕ್ಕೆ ಇದು ಬಂದದ್ದು ಅರಿಝೋನಾ ರಾಜ್ಯದ ಫೀನಿಕ್ಸ್ ಊರಿನ ಮಿಲ್ಟನ್ ಎರಿಕ್ಸನ್ ಎಂಬ ಮನೋವೈದ್ಯನಿಂದ. ಹದಿನೇಳನೇ ವಯಸ್ಸಿನಲ್ಲಿ ಪೋಲಿಯೋ ಬಡಿದು ಮಂಚ ಹಿಡಿದಿದ್ದವನು. ಬರೀ ಕಣ್ಣಿನಿಂದ ಮನೆಯವರ ಮುಖ, ನಡಿಗೆ, ದನಿ ಗಮನಿಸುವುದನ್ನು ಆಗಲೇ ಕಲಿತೆ ಎನ್ನುತ್ತಿದ್ದ. ಹೇಲಿ, ವೀಕ್‌ಲ್ಯಾಂಡ್ ವರ್ಷಗಟ್ಟಲೆ ಇವನ ಮನೆಗೆ ಹೋಗಿ ಕೂತು, ಒಂದೊಂದೇ ಕೇಸ್ ಕೇಳಿ ಟೇಪ್ ಮಾಡಿಕೊಂಡರು. ಜನ ಯಾವುದನ್ನು ಬಿಡಲಾರೆ ಎನ್ನುತ್ತಾರೋ ಅದನ್ನೇ ಬೇಕೆಂದು ಮಾಡಿಸುವುದು ಎರಿಕ್ಸನ್‌ಗೆ ಸಲೀಸು. ಬೇಕೆಂದಾಗ ತರಿಸಿಕೊಳ್ಳಬಹುದು ಎಂದಾದರೆ ಅದು ಆಗಲೇ ಅರ್ಧ ನಮ್ಮ ಹಿಡಿತಕ್ಕೆ ಬಂತು ಅಂತ. ಹೇಲಿ ಇಂಥ ಕೆಲಸಕ್ಕೆ ಸ್ಟ್ರಾಟೆಜಿಕ್ ಥೆರಪಿ ಎಂದು ಹೆಸರಿಟ್ಟ. ಮಾತಾಡಿಸಿ ಕಾಯುವುದಲ್ಲ, ಏನು ಬದಲಾಗಬೇಕು ಎಂದು ಯೋಚಿಸಿ ಹೆಜ್ಜೆ ಹಾಕುವ ಹೊಣೆ ಚಿಕಿತ್ಸಕರದು.

ನಿಮ್ಮ ಕೌನ್ಸೆಲರ್ ಹೇಳಿದ "ಹತ್ತು ಸಲ"ಕ್ಕೂ ಒಂದು ಮೂಲ ಇದೆ. ಡಾನ್ ಜಾಕ್ಸನ್ ಪಾಲೋ ಆಲ್ಟೋದಲ್ಲಿ ಮೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಶುರು ಮಾಡಿದ್ದ. 60ರ ದಶಕದ ಕೊನೆಯಲ್ಲಿ ಅದರೊಳಗೇ ರಿಚರ್ಡ್ ಫಿಶ್, ವೀಕ್‌ಲ್ಯಾಂಡ್, ಆಸ್ಟ್ರಿಯಾದಲ್ಲಿ ಹುಟ್ಟಿದ ಪಾಲ್ ವಾಟ್ಸ್‌ಲಾವಿಕ್ ಮುಂತಾದವರು ಬ್ರೀಫ್ ಥೆರಪಿ ಸೆಂಟರ್ ತೆರೆದರು. ಒಬ್ಬರು ಮನೆಯವರ ಜೊತೆ ಕೂತು ಮಾತಾಡುವುದು, ಉಳಿದವರು ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದೆ ಕೂತು ನೋಡುವುದು. ಯಾರಿಗೇ ಆಗಲಿ ಹೆಚ್ಚೆಂದರೆ ಹತ್ತು ಭೇಟಿ. ವರ್ಷಗಟ್ಟಲೆ ಮಂಚದ ಮೇಲೆ ಮಲಗಿಸಿ ಬಾಲ್ಯದ ಕಥೆ ಕೇಳುವ ಪದ್ಧತಿಯೇ ದೊಡ್ಡದೆನಿಸಿದ್ದ ಕಾಲದಲ್ಲಿ ಇದು ತಲೆಹರಟೆಯ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. 1974ರಲ್ಲಿ ಅವರು 97 ಕೇಸುಗಳ ಲೆಕ್ಕ ಕೊಟ್ಟರು. ಸರಾಸರಿ ಏಳು ಭೇಟಿ, ನಾಲ್ಕರಲ್ಲಿ ಹೆಚ್ಚುಕಮ್ಮಿ ಮೂರು ಮನೆಗಳಿಗೆ ಪೂರ್ತಿಯೋ ತಕ್ಕಮಟ್ಟಿಗೋ ಗುಣ. ಇದು ಅವರದೇ ಲೆಕ್ಕ, ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಅಷ್ಟು ಅನುಮಾನ ಇಟ್ಟುಕೊಂಡೇ ಓದಿ.

ಅವರ ಮುಖ್ಯ ಮಾತು ಒಂದೇ: ತೊಂದರೆಯನ್ನು ಜೀವಂತ ಇಟ್ಟಿರುವುದು ಅದನ್ನು ಹೋಗಿಸಲು ನಾವು ಮಾಡುವ ಪ್ರಯತ್ನವೇ. ನನಗೆ ಇದು ಪುಸ್ತಕ ಓದಿ ತಿಳಿದದ್ದಲ್ಲ. ಪತ್ರಿಕೆ ಪ್ರಿಂಟಿಗೆ ಹೋಗುವ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಬರಲಿ ಎಂದು ಒಂಬತ್ತಕ್ಕೇ ಮಲಗಿದೆ, ಬಿಸಿ ಹಾಲು ಕುಡಿದೆ, ಗಡಿಯಾರ ತಿರುಗಿಸಿಟ್ಟೆ. ಪ್ರಯತ್ನ ಹೆಚ್ಚಿದಷ್ಟೂ ಕಣ್ಣು ಬಿಚ್ಚಿಕೊಂಡಿತು. ಒಂದು ರಾತ್ರಿ ಬೇಸತ್ತು, ಬೆಳಗಿನವರೆಗೂ ಪ್ರೂಫ್ ನೋಡುತ್ತೇನೆ ಎಂದು ಎದ್ದು ಕೂತೆ. ಎರಡನೇ ಪುಟಕ್ಕೇ ತೂಕಡಿಕೆ.

ನಿಮ್ಮ ಕಾಗದದ ಮೂರನೇ ಪುಟ ನೋಡಿ. "ಏಳೂಕಾಲಿಗೆ ನಾನೇ ಓಂಕಾಳಿನ ಕಷಾಯ ಮಾಡಿಕೊಂಡು ಹೋಗಿ ಅವನ ಪಕ್ಕ ಕೂರುತ್ತೇನೆ. ಹೇಗಿದೆ ಮರಿ ಎಂದು ಕೇಳುತ್ತೇನೆ. ಅವನ ಅಜ್ಜಿ ಹೊಟ್ಟೆಗೆ ಎಣ್ಣೆ ಸವರುತ್ತಾಳೆ. ಮಗ ಬೈಯುತ್ತಾನೆ. ಸೊಸೆ ಮಗನಿಗೆ ಬೈಯುತ್ತಾಳೆ. ಅಷ್ಟರಲ್ಲಿ ವ್ಯಾನ್ ಹೋಗಿರುತ್ತದೆ." ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಇದರಲ್ಲಿ ಒಬ್ಬರ ತಪ್ಪೂ ಇಲ್ಲ, ಎಲ್ಲ ಪ್ರೀತಿಯೇ. ಆದರೆ ದಿನಾ ಬೆಳಗ್ಗೆ ಇಡೀ ಮನೆ ಒಂದು ಹೊಟ್ಟೆಯ ಸುತ್ತ ನಿಲ್ಲುತ್ತಿದೆ. ಆಕೆ ಬದಲಿಸಲು ಹೊರಟಿರುವುದು ಈ ಮುಕ್ಕಾಲು ಗಂಟೆಯನ್ನು.

ಹೇಲಿ 1967ರಲ್ಲಿ ಫಿಲಡೆಲ್ಫಿಯಾಗೆ ಹೋಗಿ, ಮಕ್ಕಳ ಚಿಕಿತ್ಸಾಲಯದಲ್ಲಿ ಕುಟುಂಬ ಚಿಕಿತ್ಸಕ ಸಾಲ್ವಡೋರ್ ಮಿನೂಚಿನ್ ಜೊತೆ ಕೆಲಸ ಮಾಡಿದ. ಹೇಲಿಯ ಮೇಲ್ವಿಚಾರಣೆಯಲ್ಲಿ ನಡೆದ ಒಂದು ಕೇಸ್ ನನಗೆ ಬಹಳ ಇಷ್ಟ. ಒಬ್ಬ ಚಿಕ್ಕ ಹುಡುಗನಿಗೆ ನಾಯಿ ಕಂಡರೆ ಪ್ರಾಣ ಹೋಗುವಷ್ಟು ಭಯ. ಅಮ್ಮ ಸದಾ ಅವನ ಹಿಂದೆ. ಅಪ್ಪ ಮನೆಯಲ್ಲಿದ್ದೂ ಇಲ್ಲದ ಹಾಗೆ. ಅಪ್ಪನ ಕೆಲಸ ಏನು ಗೊತ್ತಾ? ಪೋಸ್ಟ್‌ಮ್ಯಾನ್! ನಾಯಿಗಳ ವಿಚಾರ ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ? ಚಿಕಿತ್ಸಕ ಅಪ್ಪ ಮಗನನ್ನು ಕೂರಿಸಿ ನಾಯಿಗಳ ಬಗ್ಗೆ ಮಾತಾಡಿಸಿದ. ಆಮೇಲೆ, ಹೆದರುಪುಕ್ಕಲ ನಾಯಿಮರಿಯೊಂದನ್ನು ಹುಡುಕಿ ತಂದು ಅದರ ಭಯ ಬಿಡಿಸು ಎಂದು ಹುಡುಗನಿಗೇ ಕೆಲಸ ಒಪ್ಪಿಸಿದ. ಹುಡುಗ ಈಗ ರೋಗಿಯಲ್ಲ, ನಾಯಿಯ ಡಾಕ್ಟರು. ಅಪ್ಪ ಮನೆಯೊಳಗೆ ಬಂದ. ಹುಡುಗನ ಭಯ ಹೋದ ಮೇಲೆ, ಅದರ ಹಿಂದೆ ಮರೆಯಾಗಿದ್ದ ಗಂಡ ಹೆಂಡಿರ ಮನಸ್ತಾಪ ಮೇಜಿನ ಮೇಲೆ ಬಂತು.

ಇಟಲಿಯ ಮಿಲಾನ್‌ನಲ್ಲಿ ಮಾರಾ ಸೆಲ್ವಿನಿ ಪಲಾಜೋಲಿ ಮತ್ತು ಮೂವರು ಜೊತೆಗಾರರು 70ರ ದಶಕದಲ್ಲಿ ಇದನ್ನೇ ಇನ್ನೊಂದು ತರಹ ಮಾಡಿದರು. ದೂರದ ಊರುಗಳಿಂದ ರೈಲಲ್ಲಿ ಬರುವ ಮನೆಯವರಿಗೆ ವಾರ ವಾರ ಬರಲಾಗದು ಎಂದು ತಿಂಗಳಿಗೊಮ್ಮೆ ಕರೆದರು. ಬದಲಾವಣೆ ಇಳಿಯಲು ಆ ಬಿಡುವೇ ಒಳ್ಳೆಯದು ಎಂದು ಅವರಿಗೆ ಅನ್ನಿಸಿತು. ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿ 80ರ ದಶಕದಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ನೋವು ಬಾರದ ದಿನ ಏನು ಬೇರೆಯಾಗಿತ್ತು? ನಿಮ್ಮ ಮನೆಯಲ್ಲೂ ಕೇಳಿಕೊಳ್ಳಿ. ಭಾನುವಾರ ಬಿಟ್ಟು ಲೆಕ್ಕ ಹಾಕಿ.

ಮನೆಮಂದಿಯನ್ನೆಲ್ಲ ಕರೆಸೋದು "ಅಮೆರಿಕದ ಫ್ಯಾಷನ್" ಎಂದು ಬರೆದಿದ್ದೀರಿ. ಅದು ಮಾತ್ರ ಸರಿಯಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆವರಣದಲ್ಲಿ ಟೆಂಟ್ ಹಾಕಿಸಿ ಉಳಿಸಿಕೊಂಡಿದ್ದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಇದೆ.

ನನಗೂ ಒಂದು ತಕರಾರಿದೆ. ಯಾಕೆ ಎಂದು ಹೇಳದೆ ಕೆಲಸ ಕೊಡುವುದು ಜನರನ್ನು ಆಡಿಸಿದ ಹಾಗಲ್ವಾ? ಈ ಆರೋಪ ಹೇಲಿಯ ಮೇಲೂ ಬಂದಿತ್ತು. ಪ್ರಭಾವ ಬೀರದ ಚಿಕಿತ್ಸೆಯೇ ಇಲ್ಲ, ಹಾಗಾಗಿ ಹೊಣೆ ಹೊತ್ತು ಬೀರಿ ಎನ್ನುವುದು ಅವನ ವಾದ. ನಾನು ಪೂರ್ತಿ ಒಪ್ಪುವುದಿಲ್ಲ. ಆದ್ದರಿಂದ ಮುಂದಿನ ಸಲ ಹೋದಾಗ ನೇರವಾಗಿ ಕೇಳಿ: "ಈ ಕಾಲು ಗಂಟೆಯ ಕೆಲಸ ಯಾಕೆ, ಮೇಡಂ?" ಒಳ್ಳೆಯ ಕೌನ್ಸೆಲರ್ ಆದರೆ ಸಿಟ್ಟಾಗುವುದಿಲ್ಲ. ಸ್ಕೂಲಲ್ಲಿ ಯಾರಾದರೂ ಹುಡುಗನನ್ನು ಹೆದರಿಸುತ್ತಿದ್ದಾರಾ, ಹೊಡೆಯುತ್ತಿದ್ದಾರಾ ಎಂದು ವಿಚಾರಿಸಿದರಾ ಅಂತಲೂ ಕೇಳಿ. ಹೊರಗೆ ನಿಜವಾದ ಹುಲಿ ನಿಂತಿದ್ದರೆ ಮನೆಯೊಳಗಿನ ಆಟ ಬದಲಿಸಿ ಪ್ರಯೋಜನವಿಲ್ಲ. ತೂಕ ಇಳಿದರೆ, ರಾತ್ರಿ ನೋವಿಗೆ ಎಚ್ಚರವಾದರೆ, ವಾಂತಿಯಾದರೆ ಮತ್ತೆ ಮಕ್ಕಳ ಡಾಕ್ಟರ ಹತ್ತಿರವೇ ಹೋಗಿ. ಹುಡುಗ ತೀರಾ ಮಂಕಾದರೆ, ಸಾಯುವ ಮಾತಾಡಿದರೆ ಹತ್ತು ಭೇಟಿಯ ಲೆಕ್ಕ ಬದಿಗಿಟ್ಟು ಅವತ್ತೇ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಅಲ್ಲಿಯವರೆಗೆ ಆಕೆ ಹೇಳಿದ ಹಾಗೆ ಮಾಡಿ ನೋಡಿ. ಕಷ್ಟವಾಗುವುದು ಹುಡುಗನಿಗಲ್ಲ, ನಿಮಗೆ. ಏಳೂಕಾಲಿಗೆ ಕೈ ತಾನಾಗಿ ಡಬ್ಬಿ ಕಡೆ ಹೋಗುತ್ತದೆ. ಆ ಹೊತ್ತಿಗೆ ಹಾಲು ತರಲು ಹೊರಡಿ, ದಾರಿಯಲ್ಲಿ ಯಾರಾದರೂ ಹಳೇ ಶಿಷ್ಯರು ಸಿಗದೆ ಇರುತ್ತಾರಾ? ಮೂರನೇ ಭೇಟಿ ಮುಗಿದ ಮೇಲೆ ಇನ್ನೊಂದು ಕಾಗದ ಬರೆಯಿರಿ. ಎಷ್ಟು ದಿನ ವ್ಯಾನ್ ಸಿಕ್ಕಿತು, ಸಂಜೆ ಆರಕ್ಕೆ ಹುಡುಗನಿಗೆ ಹೊಟ್ಟೆನೋವು ಬಂತೋ ನಗು ಬಂತೋ, ಓಂಕಾಳಿನ ಡಬ್ಬಿಯನ್ನು ಯಾವ ಅಟ್ಟದ ಮೇಲಿಟ್ಟಿರಿ, ಎಲ್ಲವನ್ನೂ ತಿಳಿಸಿ.

– ಸಂಪಾದಕ